ಆಪತ್ಕಾಲದ ಬಿಲ್ಲು: ವೇಗವೋ, ವಿಶ್ವಾಸವೋ?

ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದೆಂಬ ವಿವೇಕವು ಕೇವಲ ನಮ್ಮ ಹಿರಿಯರ ಸೊತ್ತಲ್ಲ. ೨೦೦೫ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕತ್ರೀನಾ ಎಂಬ ಚಂಡಮಾರುತವು ಅಮೇರಿಕಾ ಸಂಯುಕ್ತ ಸಂಸ್ಥಾನದ ದಕ್ಷಿಣ ತೀರವನ್ನಪ್ಪಳಿಸಿ ನ್ಯೂ ಆರ್ಲಿಯನ್ಸ್ ನಗರದ ಬಹುಭಾಗವನ್ನು ನೀರಿನಲ್ಲಿ ಮುಳುಗಿಸಿದಾಗ, ಜಗತ್ತಿನಲ್ಲಿಯೇ ಸಂಪನ್ನವೆನಿಸಿದ ಆ ರಾಷ್ಟ್ರದ ಪ್ರಜೆಗಳು ಅನ್ನ ನೀರುಗಳಿಲ್ಲದೆ ದಿನಗಟ್ಟಲೆ ಸಹಾಯದ ದಾರಿಯನ್ನು ಕಾಯಬೇಕಾಯಿತು. ಸರಕಾರದ ಕೈ ಎಷ್ಟೇ ನೀಳವಾಗಿದ್ದರೂ ಮೊದಲ ಕೆಲವು ದಿನಗಳಲ್ಲಿ ಅದು ಪ್ರತಿಯೊಂದು ಮನೆಯ ಬಾಗಿಲನ್ನು ಮುಟ್ಟಲಾರದೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಮನೆಯಲ್ಲಿ ನೀರು, ಧಾನ್ಯ, ದೀಪ, ಔಷಧಗಳನ್ನು ಕೂಡಿಟ್ಟು ವಿಪತ್ತಿಗೆ ಸಿದ್ಧರಾಗಿರುವ ಪದ್ಧತಿಯು ಅಲ್ಲಿ ಮೊದಲಿನಿಂದಲೂ ಇದ್ದಿತು. ಹೀಗೆ ಸಿದ್ಧತೆ ಮಾಡಿಕೊಳ್ಳುವವರಲ್ಲಿ ಕೆಲವರು ಈಗ ಒಂದು ಬಿಲ್ಲನ್ನೂ ಗೋಡೆಗೆ ತೂಗಹಾಕುತ್ತಿದ್ದಾರೆ. ಯಂತ್ರಯುಗದ ಶಿಖರದಲ್ಲಿರುವ ಜನರು ಆಪತ್ಕಾಲಕ್ಕೆಂದು ಬಿಲ್ಲನ್ನು ನೆನೆಯುವುದು ವಿಚಾರಾರ್ಹವಾದ ಸಂಗತಿ.

ಆದರೆ ಇದು ನಮ್ಮ ಪುರಾಣ ಕಾವ್ಯಗಳ ಬಿಲ್ಲಲ್ಲ. ಮಿಸ್ಸೂರಿ ಪ್ರಾಂತದ ಹೊಲೆಸ್ ವಿಲ್ಬರ್ ಅಲೆನ್ ಎಂಬಾತನು ಸಾಧಾರಣವಾದ ಬಿಲ್ಲಿನ ತುದಿಗಳಿಗೆ ರಾಟೆಗಳನ್ನು ಅಳವಡಿಸಿ, ೧೯೬೬ರಲ್ಲಿ ತನ್ನ ಹೊಸ ರಚನೆಗೆ ಹಕ್ಕುಪತ್ರವನ್ನು ಕೋರಿದನು. ೧೯೬೯ರಲ್ಲಿ ಅದು ಆತನಿಗೆ ದೊರೆಯಿತು. ಇದಕ್ಕೆ ‘ಕಾಂಪೌಂಡ್ ಬಿಲ್ಲು’ ಎಂದು ಹೆಸರು. ಹಳೆಯ ಬಿಲ್ಲನ್ನು ಎಳೆದಷ್ಟೂ ಭಾರವು ಏರುತ್ತ ಹೋಗುವುದು. ಗುರಿಯನ್ನು ನಿಟ್ಟಿಸಿ ನಿಲ್ಲಬೇಕಾದ ಕ್ಷಣದಲ್ಲಿಯೇ ತೋಳು ನಡುಗತೊಡಗುವುದು. ಕಾಂಪೌಂಡ್ ಬಿಲ್ಲಿನಲ್ಲಿಯಾದರೋ, ಮಧ್ಯದಲ್ಲಿ ಪೂರ್ಣಭಾರವನ್ನು ಕೊಟ್ಟ ಮೇಲೆ ವಕ್ರಾಕಾರದ ರಾಟೆಗಳು ಹೊರಳಿ, ಕೊನೆಯಲ್ಲಿ ಭಾರದ ಹೆಚ್ಚಿನ ಪಾಲನ್ನು ತಾವೇ ಹೊರುತ್ತವೆ. ೭೦ ಪೌಂಡಿನ ಬಿಲ್ಲು ನೂರಕ್ಕೆ ೮೦ರಷ್ಟು ಭಾರವನ್ನು ಇಳಿಸಿಕೊಟ್ಟರೆ, ಬಿಲ್ಲಾಳು ಹಿಡಿದು ನಿಲ್ಲಬೇಕಾದುದು ೧೪ ಪೌಂಡುಗಳನ್ನು ಮಾತ್ರ. ಇದೇ ಈ ಬಿಲ್ಲಿನ ಗುಟ್ಟು, ಇದೇ ಇದರ ಆಕರ್ಷಣೆ.

ಬಿಲ್ಲಿನ ಪಕ್ಷವನ್ನು ಹಿಡಿಯುವವರ ವಾದವೂ ನಿರಾಧಾರವಾದುದಲ್ಲ. ಬಂದೂಕಿಗೆ ಮದ್ದುಗುಂಡು ಬೇಕು. ಅದು ಮುಗಿದ ದಿನ ಬಂದೂಕು ಕಬ್ಬಿಣದ ಕೋಲು. ಬಾಣವಾದರೋ ಮುರಿಯದಿದ್ದರೆ ಮರಳಿ ಬತ್ತಳಿಕೆಗೆ ಬರುತ್ತದೆ, ಸದ್ದೂ ಕಡಿಮೆ. ಈ ಮಾತುಗಳನ್ನು ಒಪ್ಪಿದ ಮೇಲೆ ಏಳುವ ಪ್ರಶ್ನೆ, ಎಂತಹ ಬಿಲ್ಲು ಎಂಬುದು. ಪೇಟೆಯಲ್ಲಿ ಇದಕ್ಕೆ ಸಿಗುವ ಉತ್ತರ ಒಂದೇ: ವೇಗ. ೭೦ ಪೌಂಡು ಭಾರ, ೩೦ ಅಂಗುಲ ಸೆಳೆತ, ೩೫೦ ಗ್ರೇನ್ ತೂಕದ ಬಾಣ ಎಂಬ ಮಾನದ ಮೇಲೆ ಸೆಕೆಂಡಿಗೆ ೩೦೦ ಅಡಿಗೂ ಮಿಕ್ಕ ವೇಗವನ್ನು ತಯಾರಕರು ಘೋಷಿಸುತ್ತಾರೆ. ಆದರೆ ಇಪ್ಪತ್ತೆಂಟು ಅಂಗುಲದ ಸೆಳೆತವುಳ್ಳ ಮನುಷ್ಯನು ಐವತ್ತು ಪೌಂಡಿನ ಬಿಲ್ಲನ್ನು ಹಿಡಿದಾಗ ಆ ಅಂಕೆಯು ಅವನ ಪಾಲಿಗೆ ಸಲ್ಲದು. ಇದಲ್ಲದೆ, ಹಿಡಿಗೂ ಹೆದೆಗೂ ನಡುವಣ ಅಂತರವನ್ನು ಆರು ಅಂಗುಲದಷ್ಟಕ್ಕೆ ತಗ್ಗಿಸಿ ವೇಗವನ್ನು ಗಳಿಸಿದ ಬಿಲ್ಲು ಕೈಯ ಅಲ್ಪ ದೋಷವನ್ನೂ ಕ್ಷಮಿಸುವುದಿಲ್ಲ. ಏಳು ಅಂಗುಲದ ಅಂತರವುಳ್ಳದ್ದು ತುಸು ನಿಧಾನವಾದರೂ ಹೆಚ್ಚು ಸಹನೆಯುಳ್ಳದ್ದು. ಹಸಿವು, ಆಯಾಸ, ಭಯಗಳ ನಡುವೆ ಬಾಣ ಬಿಡಬೇಕಾದವನಿಗೆ ಯಾವುದು ಹಿತವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಅಳೆಯಬೇಕಾದುದು ಬಿಲ್ಲನ್ನಲ್ಲ, ಬಿಲ್ಲಾಳನ್ನು. ಎರಡೂ ತೋಳುಗಳನ್ನು ಚಾಚಿ, ಬೆರಳ ತುದಿಯಿಂದ ಬೆರಳ ತುದಿಗಿರುವ ಅಂಗುಲಗಳನ್ನು ಎರಡೂವರೆಯಿಂದ ಭಾಗಿಸಿದರೆ ಸೆಳೆತದ ಅಳತೆಯು ಸ್ಥೂಲವಾಗಿ ದೊರೆಯುತ್ತದೆ. ೭೦ ಅಂಗುಲಕ್ಕೆ ೨೮. ಹಿಂದಿನ ಬಿಲ್ಲಿನಲ್ಲಿ ಒಂದು ಅಂಗುಲ ಹೆಚ್ಚು ಕಡಿಮೆಯಾದರೂ ನಡೆಯುತ್ತಿತ್ತು. ಇದರಲ್ಲಿ ರಾಟೆಯು ನಿಂತಲ್ಲಿಯೇ ಸೆಳೆತವೂ ನಿಲ್ಲುವುದರಿಂದ ಅಳತೆ ತಪ್ಪಿದರೆ ಗುರಿಯೂ ತಪ್ಪುವುದು. ಯಾವ ಕಣ್ಣು ಪ್ರಬಲವೋ ಅದಕ್ಕೆ ಅನುಸಾರವಾಗಿ ಬಲಗೈಯ ಬಿಲ್ಲೋ ಎಡಗೈಯ ಬಿಲ್ಲೋ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಇನ್ನು ಭಾರದ ವಿಷಯ. ಪೀಠದ ಮೇಲೆ ಕುಳಿತು, ಬಿಲ್ಲನ್ನು ಗುರಿಯ ನೇರಕ್ಕೆ ಹಿಡಿದು, ಆಕಾಶಕ್ಕೆ ಎತ್ತದೆ ಮೆಲ್ಲನೆ ಸೆಳೆಯಲಾಗುವಷ್ಟೇ ತನ್ನ ಭಾರವೆಂದು ತಿಳಿಯಬೇಕು. ಹೆಮ್ಮೆಗಾಗಿ ಎಪ್ಪತ್ತನ್ನು ಆರಿಸಿ ಭುಜವನ್ನು ಕೆಡಿಸಿಕೊಳ್ಳುವುದಕ್ಕಿಂತ ನಲ್ವತ್ತೈದು ಐವತ್ತರಲ್ಲಿ ಪಳಗುವುದು ಲೇಸು. ಭಾರವನ್ನೂ ಸೆಳೆತವನ್ನೂ ವಿಶಾಲವಾಗಿ ಹೊಂದಿಸಲು ಬರುವ ಬಿಲ್ಲುಗಳೂ ಇವೆ. ಅಂತಹ ಒಂದನ್ನು ತಂದೆಯೂ ತಾಯಿಯೂ ಬೆಳೆಯುವ ಮಗನೂ ತಮ್ಮ ತಮ್ಮ ಅಳತೆಗೆ ತಿರುಗಿಸಿಕೊಳ್ಳಬಹುದಾದುದರಿಂದ ಕುಟುಂಬದ ದೃಷ್ಟಿಯಿಂದ ಅದೇ ಉತ್ತಮ.

ಈಗ ಮುಖ್ಯವಾದ ಆಕ್ಷೇಪಣೆಗೆ ಬರೋಣ. ಆಪತ್ಕಾಲವೆಂದರೆ ಅಂಗಡಿಯು ಮುಚ್ಚಿರುವ ಕಾಲ. ಸರಳವಾದ ಮರದ ಬಿಲ್ಲಿನ ಹೆದೆ ತುಂಡಾದರೆ ಅದರ ಒಡೆಯನು ಹೊಸ ಹೆದೆಯನ್ನು ತಾನೇ ಏರಿಸಬಲ್ಲನು. ಕಾಂಪೌಂಡ್ ಬಿಲ್ಲಿನ ಹೆದೆಯನ್ನು ಬದಲಿಸಬೇಕಾದರೆ ಅದರ ತೋಳುಗಳನ್ನು ಅದುಮಿ ಹಿಡಿಯುವ ಒತ್ತುಯಂತ್ರವು ಸಾಮಾನ್ಯವಾಗಿ ಅವಶ್ಯಕ. ಆ ಹೆದೆಯಾದರೂ ಎರಡು ಮೂರು ವರ್ಷಗಳಲ್ಲಿ ಸವೆದು ಬದಲಾವಣೆಯನ್ನು ಬೇಡುವಂಥದು. ಬಾಣವಿಲ್ಲದೆ ಸೆಳೆದು ಬಿಟ್ಟರಂತೂ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿನ ಅಂಗಾಂಗಗಳಿಗೇ ತಿರುಗಿ, ಹೆದೆ ಹರಿಯಬಹುದು, ರಾಟೆ ಬಾಗಬಹುದು, ತೋಳು ಸೀಳಬಹುದು. ಕಾಡಿನ ಬಿದಿರನ್ನು ಕಡಿದು ಬಾಣ ಮಾಡಿಕೊಳ್ಳುವೆನೆಂಬ ಭರವಸೆಯೂ ಇಲ್ಲಿ ಸಲ್ಲದು. ಬಿಲ್ಲಿನ ಭಾರಕ್ಕೆ ತಕ್ಕ ಬಿಗಿಯೂ, ಪೌಂಡೊಂದಕ್ಕೆ ಐದು ಗ್ರೇನಿಗೆ ಕಡಿಮೆಯಿಲ್ಲದ ತೂಕವೂ ಬಾಣಕ್ಕೆ ಇರಲೇಬೇಕು. ಬಿಗಿಯಿಲ್ಲದ ಕಡ್ಡಿಯು ಹೆದೆಯ ಮೇಲೆಯೇ ಚೂರಾಗಿ ಬಿಟ್ಟವನ ಕೈಯನ್ನೇ ಚುಚ್ಚೀತು. ಇಂಗಾಲನಾರಿನ ಬಾಣವನ್ನು ಕೂಡ ಬಿಡುವ ಮೊದಲು ಬಾಗಿಸಿ, ಬಿರುಕಿನ ಸದ್ದಿಗೆ ಕಿವಿಗೊಟ್ಟು ಪರೀಕ್ಷಿಸುವುದು ಬಲ್ಲವರ ವಾಡಿಕೆ.

ನಮ್ಮ ನಾಡಿನಲ್ಲಿ ರಾಟೆ ಎಂಬ ಶಬ್ದಕ್ಕೆ ಇನ್ನೊಂದು ಅರ್ಥವುಂಟು. ನೂಲುವ ಚರಕವನ್ನೂ ನಾವು ರಾಟೆಯೆಂದೇ ಕರೆಯುತ್ತೇವೆ. ಮಹಾತ್ಮರು ಆ ರಾಟೆಯನ್ನು ರಾಷ್ಟ್ರದ ಕೈಯಲ್ಲಿಟ್ಟದ್ದು ಗಿರಣಿಗಿಂತ ಅದು ಹೆಚ್ಚು ವೇಗವಾಗಿ ನೂಲುತ್ತದೆಂದಲ್ಲ. ಹಳ್ಳಿಯ ಬಡಗಿಯು ಅದನ್ನು ಮಾಡಬಲ್ಲನು, ಕೆಟ್ಟರೆ ನೂಲುವವಳೇ ಸರಿಪಡಿಸಿಕೊಳ್ಳಬಲ್ಲಳು ಎಂಬುದು ಅದರ ಬಲವಾಗಿತ್ತು. ಅದೇ ಒರೆಗಲ್ಲಿಗೆ ಈ ಬಿಲ್ಲನ್ನು ಹಚ್ಚಿ ನೋಡಿದರೆ ಅದರ ಕೊರತೆಯು ಎದ್ದು ಕಾಣುತ್ತದೆ. ದೂರದ ಕಾರ್ಖಾನೆಯ ಮೇಲೆ ಸರ್ವಸ್ವಕ್ಕೂ ಅವಲಂಬಿಸಿದ ಸಲಕರಣೆಯನ್ನು ಸ್ವಾವಲಂಬನದ ಸಾಧನವೆಂದು ಕರೆಯುವುದು ಆತ್ಮವಂಚನೆಯಾದೀತು.

ಹಾಗೆಂದು ಅದನ್ನು ಸರ್ವಥಾ ತ್ಯಾಜ್ಯವೆನ್ನಲೂ ನಾವು ಸಿದ್ಧರಿಲ್ಲ. ಸಾಧಾರಣ ಬಿಲ್ಲಿನಲ್ಲಿ ನಂಬಿಕೆಯ ಗುರಿ ಸಾಧಿಸಲು ವರ್ಷಗಳ ಸಾಧನೆ ಬೇಕು. ಕಾಂಪೌಂಡಿನಲ್ಲಿ ಕೆಲವು ತಿಂಗಳ ಶ್ರದ್ಧೆಯಿಂದಲೇ ಸಾಮಾನ್ಯನು ಹತ್ತಿರದ ಗುರಿಯನ್ನು ಹೊಡೆಯಬಲ್ಲನು. ಆದುದರಿಂದ ಕೊಳ್ಳುವವರು ಬೆಲೆಯ ಕೊನೆಯ ಮೆಟ್ಟಿಲನ್ನು ಏರದೆ, ಸರಳ ರಚನೆಯ ಮಧ್ಯಮ ದರ್ಜೆಯ ಬಿಲ್ಲನ್ನು ಕೊಂಡು, ಉಳಿದ ಹಣದಲ್ಲಿ ಒಂದು ಜೊತೆ ಹೆಚ್ಚಿನ ಹೆದೆ, ಕೈಯಲ್ಲಿ ಒಯ್ಯಬಹುದಾದ ಒತ್ತುಯಂತ್ರ, ಹೆದೆಗೆ ಹಚ್ಚುವ ಮೇಣ, ಹೆದೆಯನ್ನು ಬಿಡುವ ಕೊಂಡಿ ಎರಡು, ತಕ್ಕ ಬಾಣಗಳು ಒಂದು ಡಜನ್, ಇವನ್ನು ಕೂಡಿಡುವುದು ಜಾಣತನ. ಹೆದೆ ಬದಲಿಸುವ ಕೆಲಸವನ್ನು ಬಲ್ಲವರ ಎದುರಿನಲ್ಲಿ ಒಮ್ಮೆಯಾದರೂ ಸ್ವಹಸ್ತದಿಂದ ಮಾಡಿ ಕಲಿಯಬೇಕು. ಯಾರಿಗೆ ಇಷ್ಟು ವ್ಯವಧಾನವಿಲ್ಲವೋ ಅವರಿಗೆ ರಾಟೆಯಿಲ್ಲದ ಬಿಲ್ಲೇ ವಾಸಿ.

ಇನ್ನೊಂದು ಭ್ರಮೆಯನ್ನೂ ಇಲ್ಲಿ ಅಳಿಸಬೇಕಾಗಿದೆ. ಬಿಲ್ಲಿದ್ದರೆ ಬೇಟೆ, ಬೇಟೆಯಿದ್ದರೆ ಊಟ ಎಂಬ ಲೆಕ್ಕವು ಕಾಗದದ ಮೇಲೆ ಮಾತ್ರ ಸರಿ. ಎಲ್ಲೆಯಿಲ್ಲದ ಬೇಟೆಯಿಂದ ಅಮೇರಿಕದ ಅನೇಕ ಪ್ರಾಂತಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಅಂತ್ಯದ ಹೊತ್ತಿಗೆ ಜಿಂಕೆಗಳು ಬಹುಮಟ್ಟಿಗೆ ಅಳಿದುಹೋಗಿದ್ದವು. ಕಾನೂನಿನ ಕಟ್ಟುಪಾಡು ಬಂದ ಮೇಲೆಯೇ ಅವು ಮರಳಿ ತುಂಬಿಕೊಂಡವು. ನಗರದ ಜನರೆಲ್ಲ ಹಸಿದು ಕಾಡಿಗೆ ನುಗ್ಗಿದರೆ ಆ ಕಾಡು ಎಷ್ಟು ದಿನ ಉಣಿಸೀತು? ಆ ದೇಶದ ಸರಕಾರವೇ ಪ್ರಜೆಗಳಿಗೆ ಕೊಡುವ ಸಲಹೆಯಲ್ಲಿ ಮೊದಲು ಬರುವುದು ತಲೆಗೆ ದಿನವೊಂದಕ್ಕೆ ಒಂದು ಗ್ಯಾಲನ್ನಿನಂತೆ ಹಲವು ದಿನಗಳ ನೀರು; ಆಮೇಲೆ ಕೆಡದ ಆಹಾರ, ದೀಪ, ಔಷಧ. ಚಂಡಮಾರುತ ಕಳೆದ ಮೇಲೆ ಮನೆಯೊಳಗೆ ವಿದ್ಯುಜ್ಜನಕವನ್ನು ನಡೆಸಿ ವಿಷಾನಿಲದಿಂದ ಸತ್ತವರಿದ್ದಾರೆ. ಅವರನ್ನು ಉಳಿಸಬಹುದಾಗಿದ್ದುದು ಆಯುಧವಲ್ಲ, ಅಲ್ಪ ತಿಳುವಳಿಕೆ. ಬಿಲ್ಲಿನ ಸ್ಥಾನವು ಈ ಪಟ್ಟಿಯ ತುದಿಯಲ್ಲಿದೆಯೇ ಹೊರತು ಮೊದಲಲ್ಲಿಲ್ಲ.

ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಬೇಟೆಯನ್ನು ನಿಷೇಧಿಸಿರುವುದರಿಂದ ಆ ಉದ್ದೇಶಕ್ಕಾಗಿ ಬಿಲ್ಲನ್ನು ಕೊಳ್ಳುವ ಮಾತೇ ಏಳುವುದಿಲ್ಲ. ಇಲ್ಲಿ ಅದರ ಕ್ಷೇತ್ರವು ಕ್ರೀಡಾಂಗಣ. ೨೦೨೩ರಲ್ಲಿ ಹಾಂಗ್‌ಚೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಕಾಂಪೌಂಡ್ ಬಿಲ್ಲಿನ ಐದೂ ಸ್ಪರ್ಧೆಗಳ ಸುವರ್ಣಪದಕಗಳನ್ನು ಭಾರತೀಯರು ಗೆದ್ದರು; ಜ್ಯೋತಿ ಸುರೇಖಾ ವೆನ್ನಂ ಒಬ್ಬಳೇ ಮೂರರಲ್ಲಿ ಪಾಲುಗೊಂಡಳು. ಆ ಯಶಸ್ಸಿನ ಹಿಂದೆ ಇದ್ದುದು ದಿನದಿನದ ಅಭ್ಯಾಸ. ಅಮೇರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರೂ ಅಲ್ಲಿಯ ನೆರೆಹೊರೆಯವರೂ ಬಿಲ್ಲನ್ನು ಆರಿಸುವಾಗ ಮರೆಯಬಾರದ ಮಾತೂ ಇದೇ. ವಾರಕ್ಕೆ ಎರಡು ಬಾರಿಯಾದರೂ ಕೈಗೆತ್ತಿಕೊಳ್ಳದ ಬಿಲ್ಲು ಗೋಡೆಯ ಅಲಂಕಾರ. ಅದನ್ನು ನಂಬಿ ನೀರಿನ ಕೊಡವನ್ನು ತುಂಬಿಡದ ಮನೆಯು ಆಪತ್ತಿನ ಮೊದಲ ದಿನವೇ ಸೋಲುವುದು.