ನಲವತ್ತರಾಚೆಯ ಕಣ್ಣುಗಳು

ಕರಡಚ್ಚಿನ ಹಾಳೆಯನ್ನು ನಾವು ಮೊಳದುದ್ದ ದೂರ ಹಿಡಿದು ಓದಹತ್ತಿದ ದಿನ ಇನ್ನೂ ನೆನಪಿನಲ್ಲಿದೆ. ಆಗ ನಮಗೆ ನಲವತ್ತಮೂರು ವಯಸ್ಸು. “ಸಾಹೇಬ್ರ, ಇನ್ನ ಕೈ ಸಾಲೂದಿಲ್ರಿ” ಎಂದು ಕಚೇರಿಯ ಹುಡುಗನು ನಕ್ಕನು. ವಾರದೊಳಗೆ ಕನ್ನಡಕ ಬಂದಿತು. ನಮ್ಮ ಉದ್ಯೋಗವು ಉಳಿಯಿತು. ಆದರೆ ಅದೇ ವಯಸ್ಸಿನಲ್ಲಿ ಚಿಮ್ಮಡದಂಥ ಹಳ್ಳಿಯ ಒಕ್ಕಲಿಗನಿಗೋ, ರಬಕವಿ-ಬನಹಟ್ಟಿಯ ನೇಕಾರನಿಗೋ ಕಣ್ಣು ಮಂಜಾದರೆ ಅವನ ಗತಿಯೇನು? ‘ವಯಸ್ಸಾಯಿತು’ ಎಂದು ಒಂದು ಮಾತು ಆಡಿ ಸುಮ್ಮನಾಗುವನು, ಅಷ್ಟೆ.

ಇದಕ್ಕೆ ನಮ್ಮ ಜನ ಇಟ್ಟ ಹೆಸರು ಚಾಳೀಸು. ನಲವತ್ತು ಎಂಬ ಹಿಂದೀ ಶಬ್ದವೇ ಕಣ್ಣಿನ ಹೆಸರಾಗಿ ನಿಂತಿರುವದು. ಇದು ರೋಗವಲ್ಲ. ಕಣ್ಣಿನೊಳಗಿನ ಮಸೂರವು ಎಳೆತನದಲ್ಲಿ ಮೆತ್ತಗಿದ್ದು, ಸಮೀಪದ ವಸ್ತುವನ್ನು ನೋಡುವಾಗ ತಾನಾಗಿ ಉಬ್ಬುವದು. ವಯಸ್ಸಾದಂತೆ ಅದು ಬಿರುಸಾಗಿ ಆ ಶಕ್ತಿಯನ್ನು ಕಳೆದುಕೊಳ್ಳುವದು. ಅರಸನಿಗಾಗಲಿ ಆಳಿಗಾಗಲಿ ಇದು ತಪ್ಪದು. ಇದಕ್ಕೆ ಶಸ್ತ್ರಕ್ರಿಯೆ ಬೇಕಿಲ್ಲ, ಔಷಧ ಬೇಕಿಲ್ಲ. ಉಬ್ಬುಗಾಜಿನ ಒಂದು ಕನ್ನಡಕ ಸಾಕು. ಕನ್ನಡಕ ಹಾಕಿದರೆ ಕಣ್ಣು ಮತ್ತಷ್ಟು ಕೆಡುವದೆಂಬ ಮಾತು ಶುದ್ಧ ಸುಳ್ಳು.

ಕಣ್ಣಿನ ಸೇವೆಯು ಈ ಸೀಮೆಗೆ ಹೊಸದಲ್ಲ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಶಿಬಿರ ಒಯ್ದು ಲಕ್ಷಾಂತರ ಬಡವರ ಪೊರೆ ತೆಗೆದರು. 1968ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಪೊರೆಯ ಕುರುಡು ಎದ್ದು ಕಾಣುವಂಥದು. ಅದಕ್ಕೆ ಮೋದಿಯವರಂಥ ಧನ್ವಂತರಿ ದೊರೆತರು. ಚಾಳೀಸಿನ ಕುರುಡು ಕಾಣದಂಥದು. ದಾರಿಯಲ್ಲಿ ಎಡವದವನನ್ನು ಯಾರು ಕುರುಡನೆನ್ನುವರು? ಆದರೆ ಹಾಸಿನಲ್ಲಿ ಕಡಿದ ಎಳೆಯನ್ನು ಹುಡುಕಿ ಗಂಟು ಹಾಕುವಾಗ, ಕೌದಿಯ ಸೂಜಿಗೆ ದಾರ ಪೋಣಿಸುವಾಗ, ಅಕ್ಕಿಯೊಳಗಿನ ಹರಳು ಆರಿಸುವಾಗ ಅದು ತನ್ನ ಪ್ರತಾಪವನ್ನು ತೋರಿಸುವದು. ಎಳೆ ತಪ್ಪಿದ ಸೀರೆಗೆ ಬೆಲೆ ಇಳಿಯುವದು. ನೇಕಾರನು ಮಗನನ್ನು ಕರೆದು ಮಗ್ಗದ ಪಕ್ಕದಲ್ಲಿ ಕೂರಿಸಿಕೊಳ್ಳುವನು. ಕಬ್ಬಿನ ತೂಕದ ಚೀಟಿಯನ್ನು ಒಕ್ಕಲಿಗನು ಮತ್ತೊಬ್ಬನಿಂದ ಓದಿಸಿಕೊಳ್ಳುವನು. ಓದಿದವನು ಹೇಳಿದ್ದೇ ತೂಕ. ಕೀಟನಾಶಕದ ಡಬ್ಬಿಯ ಮೇಲಿನ ಇರುವೆಗಾಲಿನ ಅಕ್ಷರಗಳ ಮಾತಂತೂ ಬೇಡವೇ ಬೇಡ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ದೃಷ್ಟಿ ವರದಿಯಂತೆ, ಪರಿಹಾರವಿಲ್ಲದ ಚಾಳೀಸಿನಿಂದ ಬಳಲುವವರು ಜಗತ್ತಿನಲ್ಲಿ 82 ಕೋಟಿ 60 ಲಕ್ಷ ಜನ. ಕನ್ನಡಕದಿಂದ ಗಳಿಕೆ ಹೆಚ್ಚುವದೆ ಎಂದು ಸಂಶಯಪಡುವವರು ಆಸಾಮದ ಚಹಾ ತೋಟಗಳ ಕಡೆಗೆ ನೋಡಬೇಕು. ಅಲ್ಲಿ ನಲವತ್ತು ದಾಟಿದ 751 ಎಲೆ ಕೊಯ್ಯುವವರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಮೊದಲೇ ಕನ್ನಡಕ ಕೊಟ್ಟರು. ಫಲಿತಾಂಶವು 2018ರಲ್ಲಿ ಪ್ರಕಟವಾಯಿತು. ಕನ್ನಡಕದವರ ದಿನದ ಕೊಯ್ಲು 25ರಿಂದ 34.8 ಕಿಲೋಗ್ರಾಂಗೆ ಏರಿತ್ತು. ಇಲ್ಲದವರದು ಋತುವಿನ ಕಸುವಿನಿಂದ 26ರಿಂದ 30.6ಕ್ಕೆ ಮಾತ್ರ. ಎಲೆ ಕೊಯ್ಯುವ ಕೈಗೇ ಇಷ್ಟು ಲಾಭವಾದರೆ, ಎಳೆ ಎಣಿಸುವ ಕೈಗೆ ಎಷ್ಟಾದೀತೆಂದು ವಾಚಕರೇ ಊಹಿಸಬೇಕು.

ಶಾಲೆಯ ಮಕ್ಕಳ ಕಣ್ಣುಗಳನ್ನು ಪರೀಕ್ಷಿಸುವರು, ಅದು ಒಳ್ಳೆಯದೇ. ಮನೆಮನೆಗೆ ಹೋಗಿ ಕಣ್ಣು ನೋಡಿ ಉಚಿತ ಕನ್ನಡಕ ಕೊಡುವ ‘ಆಶಾಕಿರಣ’ ಎಂಬ ಯೋಜನೆಯನ್ನು ಸರಕಾರವು ಕೆಲವು ಜಿಲ್ಲೆಗಳಲ್ಲಿ ನಡೆಸಿದೆ. ಅದು ಪ್ರತಿ ಹಳ್ಳಿಗೂ ಬರಲೆಂದು ಕಾಯುತ್ತ ಕೂಡ್ರುವದು ನಮಗೆ ಸಮ್ಮತವಲ್ಲ. ಜಾತ್ರೆಯಲ್ಲಿ ಕೊಂಡ ಕನ್ನಡಕವೂ ಇಲ್ಲದ್ದಕ್ಕಿಂತ ಮೇಲು. ಆದರೆ ಸಕ್ಕರೆ ಕಾಯಿಲೆ, ಕಣ್ಣಿನ ಒತ್ತಡ ಮುಂತಾದವು ಅದರ ಹಿಂದೆ ಅಡಗಿರಬಹುದಾದ್ದರಿಂದ ಒಮ್ಮೆಯಾದರೂ ಪರೀಕ್ಷೆ ಆಗತಕ್ಕದ್ದು. ಚಿಮ್ಮಡದ ಪಂಚಾಯತಿಯವರೂ ನೇಕಾರರ ಸಹಕಾರಿ ಸಂಘದವರೂ ವರ್ಷಕ್ಕೊಂದು ದಿನ ಗೊತ್ತುಮಾಡಿ, ನಲವತ್ತು ದಾಟಿದವರೆಲ್ಲರನ್ನೂ ಕರೆಯಿಸಲಿ. ಓದು ಬಾರದವರಿಗೆ ಅಕ್ಷರದ ಹಲಗೆ ಬೇಡ. ಸೂಜಿ-ದಾರ ಕೊಟ್ಟು ನೋಡಲಿ. ಹೆಂಗಸರನ್ನು ಮೊದಲು ಕರೆಯಲಿ. ಕನ್ನಡಕವು ಗಂಡಸರ ಠೀವಿಯೆಂದು ತಿಳಿದು ಅವರು ತಾವಾಗಿ ಬರಲಾರರು. ದಿನ ಗೊತ್ತಾದೊಡನೆ ನಮಗೆ ಬರೆದು ತಿಳಿಸಿದರೆ ಆ ಪ್ರಕಟಣೆಯನ್ನು ಪುಕ್ಕಟೆ ಅಚ್ಚು ಹಾಕುವೆವು, ದಪ್ಪಕ್ಷರದಲ್ಲಿ.