ದ್ರಾಕ್ಷಿಯ ನಾಡಿನಲ್ಲಿ ಆರು ದಿನಗಳು

ದೇಶಾಟನದಿಂದ ಜ್ಞಾನವು ಹೆಚ್ಚುವದೆಂದು ಹಿರಿಯರು ಹೇಳುತ್ತ ಬಂದಿರುವರು. ಆದರೆ ಗೃಹಸ್ಥನು ಮನೆಮಂದಿಯನ್ನು ಕಟ್ಟಿಕೊಂಡು ಪರದೇಶಕ್ಕೆ ಹೊರಟಾಗ ಅವನೆದುರಿಗೆ ಮೊದಲು ಬಂದು ನಿಲ್ಲುವದು ಜ್ಞಾನದ ಮಾತಲ್ಲ. ಊಟದ ಮಾತು, ನೇಮನಿಷ್ಠೆಗಳ ಮಾತು. ಕಳೆದ ವರ್ಷ ನಾವು ಜಾರ್ಜಿಯಾ ದೇಶವನ್ನು ನೋಡಿಬರಬೇಕೆಂದು ಯೋಚಿಸಿದಾಗ ಧಾರವಾಡದ ನಮ್ಮ ಮನೆಯಲ್ಲಿ ನಡೆದದ್ದೂ ಇದೇ.

ಆ ದೇಶವು ಕಪ್ಪು ಸಮುದ್ರದ ಪೂರ್ವಕ್ಕೆ, ಕಾಕಸಸ್ ಪರ್ವತಗಳ ಮಗ್ಗುಲಲ್ಲಿ ಇರುವದು. ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಮೂರನೆಯ ಒಂದಂಶಕ್ಕಿಂತ ತುಸು ಹೆಚ್ಚು. ಜನಸಂಖ್ಯೆ 40 ಲಕ್ಷಕ್ಕೂ ಕಡಿಮೆ. ಅವರ ಭಾಷೆಗೆ 33 ಅಕ್ಷರಗಳ ಸ್ವಂತ ಲಿಪಿಯುಂಟು. ಆ ದುಂಡುದುಂಡಾದ ಅಕ್ಷರಗಳನ್ನು ಕಂಡರೆ, ಇದು ನಮ್ಮ ಕನ್ನಡದ ಬಳಗದ ಲಿಪಿಯೇನೋ ಎಂದು ಕ್ಷಣಕಾಲ ಭ್ರಮೆಯಾಗುವದು. ಆದರೆ ಆ ನಾಡು ಲೋಕದಲ್ಲಿ ಹೆಸರಾದದ್ದು ಲಿಪಿಯಿಂದಲ್ಲ, ದ್ರಾಕ್ಷಾಮದ್ಯದಿಂದ. ರಾಜಧಾನಿಯಾದ ತ್ಬಿಲಿಸಿಯ ದಕ್ಷಿಣಕ್ಕಿರುವ ಹಳೆಯ ದಿಬ್ಬಗಳಲ್ಲಿ ಅಗೆದು ತೆಗೆದ ಮಡಕೆಯ ಚೂರುಗಳನ್ನು ವಿದ್ವಾಂಸರು ಪರೀಕ್ಷಿಸಿ, ಸುಮಾರು 8,000 ವರ್ಷಗಳ ಹಿಂದೆಯೇ ಅಲ್ಲಿ ದ್ರಾಕ್ಷಾಮದ್ಯವನ್ನು ಮಾಡುತ್ತಿದ್ದರೆಂದು 2017ರಲ್ಲಿ ಪ್ರಕಟಿಸಿದರು. ಇದಕ್ಕಿಂತ ಹಳೆಯ ಕುರುಹು ಆವರೆಗೆ ಎಲ್ಲಿಯೂ ದೊರೆತಿರಲಿಲ್ಲ.

ನಮ್ಮ ಅಕ್ಕನವರಿಗೆ ಇಷ್ಟು ಕೇಳಿದ್ದೇ ಸಾಕಾಯಿತು. “ತಮ್ಮಾ, ನೀವು ಗಂಡಹೆಂಡಿರು ಹೋಗಿಬರ್ರಿ. ನಾ ಒಲ್ಲೆ” ಎಂದುಬಿಟ್ಟರು. ಕಾರಣವು ನಮಗೆ ಗೊತ್ತಿದ್ದದ್ದೇ. ನಮ್ಮ ಭಾವನವರು ಸ್ವಭಾವದಿಂದ ಬಹಳ ಒಳ್ಳೆಯವರು. ಆದರೆ ಕುಡಿತವು ಅವರ ಎಂಟೆಕರೆ ಹೊಲವನ್ನೂ, ಮನೆಯನ್ನೂ, ಕಟ್ಟಕಡೆಗೆ ಪ್ರಾಣವನ್ನೂ ತಿಂದುಹಾಕಿತು. ಅದಾಗಿ ಮೂವತ್ತು ವರ್ಷಗಳಾದವು. ಮದ್ಯವಿರುವ ಮನೆಯೊಳಗೆ ಕುಳಿತು ಉಣ್ಣೆನು, ಅಲ್ಲಿ ನೀರನ್ನೂ ಮುಟ್ಟೆನು ಎಂಬದು ಅಂದಿನಿಂದ ಅವರ ವ್ರತ. ಬೀಗರ ಮನೆಯ ಮದುವೆಗಳನ್ನು ಸಹ ಅವರು ಇದಕ್ಕಾಗಿ ಬಿಟ್ಟಿರುವರು. ಒಂಟಿಯಾಗಿ ಅವರನ್ನು ಮನೆಯಲ್ಲಿ ಬಿಟ್ಟುಹೋಗಲು ನಮಗೆ ಮನಸ್ಸಾಗಲಿಲ್ಲ. ಪರ್ವತಗಳನ್ನೂ ಪುರಾತನ ದೇವಾಲಯಗಳನ್ನೂ ನೋಡೋಣ, ಮದ್ಯದ ಮನೆಯ ಹೊಸ್ತಿಲನ್ನು ದಾಟಿರೆಂದು ನಾವು ಎಂದಿಗೂ ಹೇಳೆವು ಎಂದು ಮಾತುಕೊಟ್ಟ ಬಳಿಕ ಒಪ್ಪಿದರು. ಈ ಮಾತನ್ನು ಕೊಟ್ಟವರಿಗೆ ಮುಂದೆ ಏನು ಪೇಚು ಕಾದಿತ್ತೆಂಬದು ಆಗ ತಿಳಿದಿರಲಿಲ್ಲ.

ವಯಸ್ಸಾದವರನ್ನು ಕರೆದುಕೊಂಡು ದೊಡ್ಡ ಗುಂಪಿನೊಡನೆ ಬಸ್ಸಿನಲ್ಲಿ ತಿರುಗುವದು ಕಷ್ಟ. ಆದುದರಿಂದ ನಾವು ಮೂವರಿಗಾಗಿಯೇ ಒಂದು ಮೋಟಾರನ್ನು ಗೊತ್ತುಮಾಡಿದೆವು. ಆ ದೇಶದಲ್ಲಿ ಗಾಡಿಯನ್ನು ನಡೆಸುವವನೇ ಮಾರ್ಗದರ್ಶಕನೂ ಆಗಿರುವ ಪದ್ಧತಿಯುಂಟು. ಇಂತಹ ಏರ್ಪಾಡು ಮಾಡಿಕೊಳ್ಳುವ ವಾಚಕರಿಗೆ ನಮ್ಮ ಅನುಭವದಿಂದ ಎರಡು ಮಾತು ಹೇಳಬಹುದು. ದಿನಕ್ಕೆ ಎಷ್ಟು ದಾರಿ, ರಾತ್ರಿ ಯಾವ ಊರಿನಲ್ಲಿ ತಂಗುವದು, ಸಾರಥಿಯ ಊಟವಸತಿಗಳ ವೆಚ್ಚವನ್ನು ಯಾರು ಕೊಡಬೇಕು ಎಂಬದನ್ನೆಲ್ಲ ಮೊದಲೇ ಬರಹದಲ್ಲಿ ನಿಶ್ಚಯಿಸಿಕೊಳ್ಳಬೇಕು. ಎರಡನೆಯದಾಗಿ, ನಮ್ಮ ಆಹಾರದ ನಿಯಮಗಳನ್ನು ಸಂಕೋಚವಿಲ್ಲದೆ ತಿಳಿಸಬೇಕು. ಮೊದಲನೆಯದನ್ನು ನಾವು ಮಾಡಿದ್ದೆವು. ಎರಡನೆಯದರಲ್ಲಿ ಮಾಂಸ ತಿನ್ನುವದಿಲ್ಲವೆಂದಷ್ಟೇ ಬರೆದು, ಅಕ್ಕನವರ ವ್ರತದ ಮಾತನ್ನು ಸಂಕೋಚದಿಂದ ಬಿಟ್ಟಿದ್ದೆವು.

ಸಾರಥಿಗಳು ಐವತ್ತು ದಾಟಿದ ಸೌಮ್ಯ ಪುರುಷರು. ಅಕ್ಟೋಬರ ತಿಂಗಳ ಮೊದಲನೆಯ ವಾರದಲ್ಲಿ ತ್ಬಿಲಿಸಿಯಲ್ಲಿ ನಮ್ಮನ್ನು ಎದುರುಗೊಂಡರು. ಗಾಡಿಯಲ್ಲಿದ್ದ ಹಳೆಯ ಭಾವಚಿತ್ರವೊಂದನ್ನು ತೋರಿಸಿ “ಮಾಮಾ” ಎಂದರು. ನಾವು ಅವರ ಸೋದರಮಾವನೆಂದು ತಿಳಿದು ಅರ್ಧದಿನ ಹಾಗೆಯೇ ಮಾತಾಡಿದೆವು. ಆ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ, ‘ದೇದಾ’ ಎಂದರೆ ತಾಯಿ! ಇದು ತಿಳಿದಾಗ ಎಲ್ಲರೂ ನಕ್ಕೆವು. ಅಂದಿನಿಂದ ಅವರು ಅಕ್ಕನವರನ್ನು ದೇದಾ ಎಂದೇ ಕರೆಯತೊಡಗಿದರು.

ಮೊದಲು ನಾವು ಉತ್ತರದ ಪರ್ವತಮಾರ್ಗವನ್ನು ಹಿಡಿದೆವು. ತ್ಬಿಲಿಸಿಯಿಂದ ರಶಿಯದ ವ್ಲಾದಿಕಾವ್ಕಾಜದವರೆಗೆ ಸುಮಾರು 130 ಮೈಲು ಉದ್ದವಾಗಿರುವ ಈ ಹಾದಿಗೆ ಸೈನಿಕ ಮಾರ್ಗವೆಂದು ಹೆಸರು. ನಗರವನ್ನು ಬಿಟ್ಟ ಸ್ವಲ್ಪ ಹೊತ್ತಿಗೆ ಹಳೆಯ ರಾಜಧಾನಿಯಾದ ಮ್ತ್ಸ್ಖೇತಾ ಬರುವದು. ಊರಿನ ಎದುರಿನ ಗುಡ್ಡದ ಮೇಲೆ 6ನೆಯ ಶತಮಾನದ ಜ್ವಾರಿ ಮಠವಿದೆ. ಕೆಳಗೆ ಅರಾಗ್ವಿ, ಮ್ತ್ಕ್ವಾರಿ ಎಂಬ ಎರಡು ಹೊಳೆಗಳು ಬೇರೆಬೇರೆ ಬಣ್ಣದ ನೀರನ್ನು ತಂದು ಕೂಡುವವು. ಸಂಗಮವನ್ನು ಕಂಡೊಡನೆ ಅಕ್ಕನವರು ತಮಗರಿಯದಂತೆ ಕೈಜೋಡಿಸಿದರು. ಗುಡಿಗೋಪುರವು ದೂರದಲ್ಲಿ ಕಂಡರೂ ಸಾಕು, ನಮ್ಮ ಸಾರಥಿಗಳು ಒಂದು ಕೈಯನ್ನು ಗಾಲಿಯ ಮೇಲಿಟ್ಟು ಇನ್ನೊಂದರಿಂದ ಮೂರು ಸಲ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುವರು. ತಿರುವಿನಲ್ಲಿ ಹೀಗೆ ಮಾಡಿದಾಗ ಮಾತ್ರ ನಮ್ಮ ಮನೆಯವರು ಉಸಿರು ಬಿಗಿಹಿಡಿಯುವರು.

ಅನಾನುರಿಯ ಕೋಟೆಯನ್ನು ದಾಟಿದ ಮೇಲೆ ನಿಜವಾದ ಘಟ್ಟವು ಆರಂಭವಾಯಿತು. ರಶಿಯದ ಕಡೆಗೆ ಹೋಗುವ ಲಾರಿಗಳ ಸಾಲು ಮೈಲುಗಟ್ಟಲೆ ನಿಂತಿದ್ದಿತು. ಜ್ವಾರಿ ಕಣಿವೆಮಾರ್ಗದ ನೆತ್ತಿಯು ಸುಮಾರು 7,800 ಅಡಿ ಎತ್ತರ. ಅಲ್ಲಿಂದಿಳಿದು ಸ್ತೆಪಾಂತ್ಸ್ಮಿಂದಾ ಎಂಬ ಊರಿನಲ್ಲಿ ತಂಗಿದೆವು. ಮರುದಿನ ಬೆಳಗಾಗುವಾಗ ಕಂಡ ನೋಟವು ಮರೆಯತಕ್ಕದ್ದಲ್ಲ. ಸುಮಾರು 7,100 ಅಡಿ ಎತ್ತರದ ಗುಡ್ಡದ ಮೇಲೆ 14ನೆಯ ಶತಮಾನದ ಗೆರ್ಗೇತಿಯ ಕಲ್ಲುಗುಡಿಯು ಒಂಟಿಯಾಗಿ ನಿಂತಿರುವದು. ಅದರ ಬೆನ್ನಿಗೆ 16,500 ಅಡಿಗಳಷ್ಟು ಎತ್ತರವಾದ ಕಜ್ಬೇಕ್ ಶಿಖರವು ಹಿಮದ ಹೊದಿಕೆಯನ್ನು ಹೊದ್ದು ಕುಳಿತಿರುವದು. ಗುಡಿಯೊಳಗೆ ಹೆಂಗಸರು ತಲೆಯ ಮೇಲೆ ಸೆರಗು ಹೊದೆಯಬೇಕು. ಅಕ್ಕನವರಿಗೆ ಯಾರೂ ಇದನ್ನು ಹೇಳಬೇಕಾಗಲಿಲ್ಲ.

ಊಟದ ಚಿಂತೆ ನಾವು ಅಂಜಿದಷ್ಟು ಇರಲಿಲ್ಲ. ಆ ಕ್ರೈಸ್ತರ ಉಪವಾಸದ ದಿನಗಳಲ್ಲಿ ಮಾಂಸವೂ ಹಾಲೂ ನಿಷಿದ್ಧವಾದ್ದರಿಂದ ಸಸ್ಯಾಹಾರವು ಅವರಿಗೆ ಹೊಸತಲ್ಲ. ಬದನೆಕಾಯಿಗೆ ಅಕ್ರೋಟಿನ ಚಟ್ನಿಯನ್ನು ಸವರಿ ಸುತ್ತಿದ ಪದಾರ್ಥ, ಕೆಂಪು ಕಾಳುಗಳ ಗಟ್ಟಿ ಸಾರು, ಗೋವಿನಜೋಳದ ರೊಟ್ಟಿ, ಹುಳಿಹಣ್ಣಿನ ಗೊಜ್ಜು ಎಲ್ಲೆಲ್ಲಿಯೂ ದೊರೆತವು. ಬಾವಿಯಂತಹ ಒಲೆಯ ಒಳಗೋಡೆಗೆ ಬಡಿದು ಸುಡುವ ಬಿಸಿರೊಟ್ಟಿಯನ್ನು ಕೈಯಲ್ಲಿ ಹಿಡಿದು ದಾರಿಯಲ್ಲಿ ತಿಂದೆವು.

ನಾಲ್ಕನೆಯ ದಿನ ಗೊಂಬೋರಿ ಘಟ್ಟವನ್ನು ದಾಟಿ ಪೂರ್ವದ ಕಾಖೇತಿ ಪ್ರಾಂತಕ್ಕೆ ಇಳಿದೆವು. ಅಲಾಜಾನಿ ಹೊಳೆಯ ವಿಶಾಲವಾದ ಬಯಲು, ಅದರ ಅಂಚಿಗೆ ಹಿಮದ ಗೋಡೆ, ನಡುವೆ ಕಣ್ಣು ಹರಿಯುವವರೆಗೆ ದ್ರಾಕ್ಷಿಯ ತೋಟಗಳು! ಈ ದೇಶದಲ್ಲಿ 500ಕ್ಕೂ ಹೆಚ್ಚು ಸ್ವದೇಶೀ ದ್ರಾಕ್ಷಿಯ ತಳಿಗಳಿರುವವು. ಆಗ ಸುಗ್ಗಿಯ ಕಾಲ. ‘ರ್ತ್ವೇಲಿ’ ಎಂದು ಅದರ ಹೆಸರು. ನೆಂಟರಿಷ್ಟರೆಲ್ಲ ಕೂಡಿ ಗೊನೆಗಳನ್ನು ಕೊಯ್ಯುತ್ತಿದ್ದರು. ದಾರಿಯಲ್ಲಿ ಬೆಟ್ಟಗಳಿಂದಿಳಿದು ಬರುತ್ತಿದ್ದ ಕುರಿಗಳ ದೊಡ್ಡ ಹಿಂಡು ನಮ್ಮ ಗಾಡಿಯನ್ನು ಸುತ್ತುಗಟ್ಟಿತು. ಎಂಜಿನನ್ನು ನಿಲ್ಲಿಸಿ ಕುಳಿತಿರುವಾಗ ಸಾರಥಿಗಳು ತಮ್ಮ ಮನೆಯ ಸಂಗತಿಯನ್ನು ಹೇಳಿದರು.

ಅವರ ತಂದೆಗೆ ಈ ಸೀಮೆಯಲ್ಲಿಯೇ ತೋಟವಿದ್ದಿತು. 1985ರಲ್ಲಿ ಸೋವಿಯೆತ್ ಸರಕಾರವು ಪಾನವಿರೋಧದ ಆಂದೋಲನವನ್ನು ಹೂಡಿ ಅನೇಕ ಕಡೆಗಳಲ್ಲಿ ದ್ರಾಕ್ಷಿಯ ಬಳ್ಳಿಗಳನ್ನು ಕಡಿಸಿತು. ಬಾಲಕರಾಗಿದ್ದ ಇವರು ತಂದೆಯ ಬಳ್ಳಿಗಳು ಬೀಳುವದನ್ನು ಕಣ್ಣಾರೆ ಕಂಡರಂತೆ. ಬಳ್ಳಿಗಳು ಬಿದ್ದವು, ಆದರೆ ಕುಡಿತವು ನಿಲ್ಲಲಿಲ್ಲ; ಜನರು ಮನೆಯಲ್ಲಿಯೇ ಕಳ್ಳಭಟ್ಟಿಯನ್ನು ಇಳಿಸತೊಡಗಿದರು. 1991ರಲ್ಲಿ ದೇಶವು ಸ್ವತಂತ್ರವಾಯಿತು. 2006ರಲ್ಲಿ ರಶಿಯವು ಇಲ್ಲಿಯ ಮದ್ಯವನ್ನು ಕೊಳ್ಳುವದನ್ನು ನಿಷೇಧಿಸಿದ್ದರಿಂದ ದೊಡ್ಡ ಪೇಟೆಯು ಮುಚ್ಚಿ, 2013ರವರೆಗೆ ರೈತರು ಬಹಳ ಪೇಚಾಡಿದರು. ಅಕ್ಕನವರು ಎಲ್ಲವನ್ನೂ ಕೇಳಿ, “ಬಳ್ಳಿ ಏನು ಮಾಡೀತು ಪಾಪ” ಎಂದಷ್ಟೇ ಅಂದು ಕಿಡಕಿಯ ಕಡೆಗೆ ಮುಖ ತಿರುಗಿಸಿದರು.

ಅಲವೆರ್ದಿಯ ದೊಡ್ಡ ದೇವಾಲಯದ ಅಂಗಳದಲ್ಲಿ ಸಾರಥಿಗಳು ಕೇತೆವಾನ್ ರಾಣಿಯ ಕಥೆಯನ್ನು ಹೇಳಿದರು. ಈ ಕಾಖೇತಿಯ ರಾಣಿಯಾದ ಆಕೆಯನ್ನು ಪಾರಸೀಕ ಬಾದಶಹನಾದ ಶಾಹ ಅಬ್ಬಾಸನು ಸೆರೆಯಲ್ಲಿಟ್ಟು, ಧರ್ಮವನ್ನು ಬಿಡೆಂದು ಒತ್ತಾಯಿಸಿದನು. ಬಿಡಲೊಪ್ಪದ ಆಕೆಯನ್ನು 1624ರಲ್ಲಿ ಶಿರಾಜ ಪಟ್ಟಣದಲ್ಲಿ ಚಿತ್ರಹಿಂಸೆಯಿಂದ ಕೊಲ್ಲಿಸಿದನು. ಆಕೆಯ ಅಸ್ಥಿಗಳಲ್ಲಿ ಕೆಲವನ್ನು ಪಾದ್ರಿಗಳು ಗೋವೆಗೆ ತಂದು, ಸಂತ ಆಗಸ್ಟೀನನ ಮಠದಲ್ಲಿ ಇರಿಸಿದರು. ಶತಮಾನಗಳ ಮೇಲೆ ಆ ಮಠದ ಅವಶೇಷಗಳಲ್ಲಿ ದೊರೆತ ಎಲುಬನ್ನು ಹೈದರಾಬಾದಿನ ವಿಜ್ಞಾನಿಗಳು ಪರೀಕ್ಷಿಸಿದರು. 2021ರಲ್ಲಿ ನಮ್ಮ ಭಾರತ ಸರಕಾರವು ಅದನ್ನು ಜಾರ್ಜಿಯಾ ದೇಶಕ್ಕೆ ಒಪ್ಪಿಸಿತು. ಹಳೆ ಗೋವೆಯ ಆ ಮುರಿದ ಗೋಪುರವನ್ನು ಅಕ್ಕನವರು ನೋಡಿದ್ದರು. “ನಾ ಅದರ ನೆರಳಿನಾಗ ಕೂತು ಬುತ್ತಿ ಉಂಡೇನಿ. ಆಕಿ ಅಲ್ಲಿ ಇದ್ದಳಂತ ಯಾರಿಗೆ ಗೊತ್ತಿತ್ತು!” ಎಂದು ಬಹಳ ಹೊತ್ತು ಅದೇ ಮಾತಾಡಿದರು.

ಆ ಸಂಜೆ ನಮಗೆ ಪೇಚು ಬಂದೊದಗಿತು. ಸಾರಥಿಗಳು ನಮ್ಮನ್ನು ಗೌರವಿಸಬೇಕೆಂಬ ಒಂದೇ ಉದ್ದೇಶದಿಂದ ತಮ್ಮ ಸೋದರಸಂಬಂಧಿಯ ಮನೆಯಲ್ಲಿ ಸುಗ್ಗಿಯ ಊಟವನ್ನು ಏರ್ಪಡಿಸಿದ್ದರು. ಅಂಗಳಕ್ಕೆ ಹೋದೊಡನೆ ಯಜಮಾನರು ನಮ್ಮನ್ನು ‘ಮರಾನಿ’ ಎಂಬ ಮದ್ಯದ ಕೋಣೆಗೆ ಕರೆದರು. ಅಕ್ಕನವರು ಅಂಗಳದ ದ್ರಾಕ್ಷಿಯ ಹಂದರದ ಕೆಳಗೇ ನಿಂತುಬಿಟ್ಟರು. ನಾವಿಬ್ಬರೂ ಕುಡಿಯುವವರಲ್ಲ, ಆದರೂ ನೋಡಲು ಒಳಗೆ ಹೋದೆವು. ನೆಲದಲ್ಲಿ ದುಂಡನೆಯ ಬಾಯಿಗಳಲ್ಲದೆ ಬೇರೇನೂ ಕಾಣಲಿಲ್ಲ. ನಮ್ಮ ಕಡೆಯ ಕಾಳಿನ ಹಗೇವುಗಳನ್ನು ಕಂಡವರಿಗೆ ಇದು ಬೇಗ ತಿಳಿಯುವದು. ಮೊಟ್ಟೆಯ ಆಕಾರದ, ಆಳೆತ್ತರದ ‘ಕ್ವೇವ್ರಿ’ ಎಂಬ ಮಣ್ಣಿನ ಹರವಿಗಳನ್ನು ಕತ್ತಿನವರೆಗೆ ನೆಲದಲ್ಲಿ ಹೂಳಿರುವರು. ಒಳಗೆ ಜೇನುಮೇಣವನ್ನು ಸವರಿರುವರು. ತುಳಿದ ರಸವನ್ನು ಸಿಪ್ಪೆ, ಬೀಜ, ಅನೇಕ ವೇಳೆ ತೊಟ್ಟುಗಳೊಡನೆ ಅದರಲ್ಲಿ ತುಂಬಿ, ಹುಳಿಯೆದ್ದು ಅಡಗಿದ ಮೇಲೆ ಬಾಯಿ ಮುಚ್ಚಿ ಐದಾರು ತಿಂಗಳು ಬಿಡುವರು. ಭೂಮಿಯ ತಂಪಿನಲ್ಲಿ ಅದು ತಾನಾಗಿ ತಿಳಿಯಾಗುವದು. ಯುನೆಸ್ಕೋ ಸಂಸ್ಥೆಯು ಈ ವಿಧಾನವನ್ನು 2013ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಹೊರಗೆ ಬಂದು ನೋಡಿದರೆ ಮನೆಯ ಯಜಮಾನಿಯು ಅಕ್ಕನವರ ಕೈಹಿಡಿದು ಒಳಗೆ ಕರೆಯುತ್ತಿದ್ದಾಳೆ. ಅಕ್ಕನವರು ತಲೆಯಲ್ಲಾಡಿಸುತ್ತ ನಿಂತಿದ್ದಾರೆ. ಅತಿಥಿಯು ದೇವರಿಂದ ಬಂದವನೆಂದು ನಂಬಿದ ನಾಡು ಅದು. ಅಂತಹ ಮನೆಯಂಗಳದಲ್ಲಿ ನಿಂತು ಊಟವನ್ನು ಒಲ್ಲೆನೆಂದರೆ ಆ ಗೃಹಿಣಿಗೆ ಹೇಗಾಗಬೇಕು? ನಮಗೆ ಭೂಮಿಗಿಳಿದುಹೋದಂತಾಯಿತು. ಮೊದಲೇ ಹೇಳಬೇಕಾಗಿದ್ದ ಮಾತನ್ನು ಆಗ ಸಾರಥಿಗಳ ಮುಂದೆ ಹೇಳಿದೆವು. ಭಾವನವರ ಸಂಗತಿಯನ್ನೂ ಮುಚ್ಚಲಿಲ್ಲ. ಅವರು ಅದನ್ನು ತಮ್ಮ ಭಾಷೆಯಲ್ಲಿ ಯಜಮಾನರಿಗೆ ತಿಳಿಸಿದರು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇತೆವಾನ್ ರಾಣಿಯ ನಾಡಿನಲ್ಲಿ ಒಬ್ಬ ಹೆಂಗಸಿನ ವ್ರತವನ್ನು ಕೆಡಿಸುವವರು ಯಾರು?” ಎಂದರು. ಬಳಿಕ ಹುಡುಗರನ್ನು ಕೂಗಿ, ಮೇಜನ್ನು ಹಂದರದ ಕೆಳಗೆ ತರಿಸಿದರು. ಮದ್ಯದ ಹೂಜಿಗಳನ್ನು ಒಳಗೆ ಕಳಿಸಿ, ಆ ದಿನವೇ ತುಳಿದ ದ್ರಾಕ್ಷಿಯ ಸಿಹಿರಸವನ್ನು ಎಲ್ಲರ ಬಟ್ಟಲುಗಳಿಗೂ ಹೊಯ್ಯಿಸಿದರು.

ಅವರ ಔತಣಕ್ಕೆ ‘ಸುಪ್ರಾ’ ಎನ್ನುವರು. ‘ತಮಾದಾ’ ಎಂಬ ಹಿರಿಯನು ಎದ್ದು ಒಂದು ಮಂಗಲವಚನವನ್ನು ನುಡಿದ ಹೊರತು ಯಾರೂ ಬಟ್ಟಲನ್ನು ಎತ್ತುವದು ಮರ್ಯಾದೆಯಲ್ಲ. ತಾನೇ ಮತ್ತನಾಗುವ ತಮಾದಾನಿಗೆ ಮಾನವಿಲ್ಲ. ಕುಡಿದು ತೂರಾಡುವವರು ಆ ದೇಶದಲ್ಲಿ ಇಲ್ಲವೆಂದಲ್ಲ. ರಾಜಧಾನಿಯ ಬೀದಿಯಲ್ಲಿ ನಾವೇ ಕಂಡಿದ್ದೆವು. ಆದರೆ ಆ ಮೇಜಿನಲ್ಲಿ ಮಾತಿಗೆ ಇದ್ದ ಬೆಲೆಯನ್ನು ನೋಡಿ ಆಶ್ಚರ್ಯಪಟ್ಟೆವು. ಶಾಂತಿಗಾಗಿ, ನಾಡಿಗಾಗಿ, ಅತಿಥಿಗಳಿಗಾಗಿ ವಚನಗಳಾದವು. ಅನಂತರ ಗತಿಸಿದವರ ಸರದಿ ಬಂದಿತು. ಆಗ ಎಲ್ಲರೂ ಎದ್ದುನಿಂತು ಬಟ್ಟಲಿನ ನಾಲ್ಕು ಹನಿಗಳನ್ನು ರೊಟ್ಟಿಯ ತುಂಡಿನ ಮೇಲೆ ಬಿಡುವರು. ನಮ್ಮಲ್ಲಿಯ ತರ್ಪಣವೇ ನೆನಪಾಯಿತು. ಯಾರು ಹೇಳದೆಯೂ ಅಕ್ಕನವರು ಎದ್ದರು. ತಮ್ಮ ಬಟ್ಟಲಿನಿಂದ ಹನಿಗಳನ್ನು ರೊಟ್ಟಿಯ ಮೇಲೆ ಬಿಟ್ಟು, ಕಣ್ಣುಮುಚ್ಚಿ ನಿಂತರು. ಮೂವತ್ತು ವರ್ಷಗಳಲ್ಲಿ ಭಾವನವರ ಮಾತನ್ನು ಅವರು ಎತ್ತಿದ್ದನ್ನು ನಾವು ಕಂಡಿರಲಿಲ್ಲ.

ಹೊರಡುವ ಹೊತ್ತಿಗೆ ಯಜಮಾನಿಯು ಅಕ್ರೋಟುಗಳನ್ನು ದಾರದಲ್ಲಿ ಪೋಣಿಸಿ, ಕುದಿಸಿದ ದ್ರಾಕ್ಷಿಯ ರಸದಲ್ಲಿ ಅದ್ದಿ ಒಣಗಿಸಿದ ‘ಚುರ್ಚ್‌ಖೇಲಾ’ ಎಂಬ ಮಿಠಾಯಿಯನ್ನು ಮಡಿಲಿಗೆ ಹಾಕಿದಳು. ನಾವು ಗಾಡಿಯಲ್ಲಿ ಕುಳಿತಾಗಿತ್ತು, ಅಕ್ಕನವರು ಬರಲಿಲ್ಲ. ನೋಡಲು ಹೋದರೆ ಅವರು ಹೊಸ್ತಿಲನ್ನು ದಾಟಿ ಅಡಿಗೆಯ ಮನೆಯಲ್ಲಿ ನಿಂತಿದ್ದರು. ಯಜಮಾನಿಗೆ ಸನ್ನೆಮಾಡಿ ಒಂದು ಲೋಟ ನೀರನ್ನು ಕೇಳಿ, ಅದನ್ನು ಪೂರ್ತಿಯಾಗಿ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಹೊರಗೆ ಬಂದರು. ದಾರಿಯಲ್ಲಿ ನಾವು ಆ ಮಾತನ್ನು ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ವ್ರತನಿಯಮಗಳುಳ್ಳ ಗೃಹಸ್ಥರು ಪರದೇಶದ ಸಜ್ಜನರೊಡನೆ ಹೇಗೆ ಬೆರೆಯಬೇಕೆಂದು ಅನೇಕರು ನಮ್ಮನ್ನು ಕೇಳುವರು. ನಿಯಮವನ್ನು ಬಿಡಬೇಕಾಗಿಲ್ಲ, ಬಚ್ಚಿಡಲೂ ಬಾರದು. ಕಾರಣಸಹಿತವಾಗಿ ಮೊದಲೇ ಹೇಳಿಬಿಡಬೇಕು. ನಾವು ಸಂಕೋಚಪಟ್ಟು ಸುಮ್ಮನಿದ್ದದ್ದರಿಂದ ಆ ಗೃಹಿಣಿಯು ಅರ್ಧಗಳಿಗೆಯ ಮಟ್ಟಿಗೆ ನೊಂದುಕೊಂಡಳು. ಆ ತಪ್ಪು ನಮ್ಮದು, ಅಕ್ಕನವರದಲ್ಲ.