ವಾರದ ಸಂಖ್ಯೆಯಿಂದ ತಾರೀಖಿಗೆ

‘ಹಸ್ತಾ ಮಳೆ ಹುಟ್ಟಿತು’ ಎಂದು ಹನೂರಿನ ಕಡೆಯ ರೈತನೊಬ್ಬನು ಹೇಳಿದರೆ ಅವನ ನೆರೆಯವನಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಬಿತ್ತನೆಯ ಕಾಲ ಎಷ್ಟು ಉಳಿದಿದೆ, ಯಾವ ಬೆಳೆಗೆ ಹೊತ್ತು ಮೀರಿತು ಎಂಬುದೆಲ್ಲವೂ ಆ ಒಂದು ಮಾತಿನಲ್ಲಿ ಅಡಗಿರುತ್ತದೆ. ಆದರೆ ಅದೇ ರೈತನ ಕೈಗೆ ‘ಮೂವತ್ತೊಂಬತ್ತನೆಯ ವಾರದಲ್ಲಿ ಬಿತ್ತತಕ್ಕದ್ದು’ ಎಂಬ ಸೂಚನೆಯು ಬಂದಿತೆನ್ನೋಣ. ಅದು ಯಾವ ತಾರೀಖು? ಎಲ್ಲಿಂದ ಎಣಿಸಿದ ಮೂವತ್ತೊಂಬತ್ತು? ಈ ಪ್ರಶ್ನೆಗೆ ಓದುಬರಹ ಬಲ್ಲ ನಾವು ಕೂಡ ಥಟ್ಟನೆ ಉತ್ತರ ಹೇಳಲಾರೆವು. ಇಂದಿನ ನಮ್ಮ ಪ್ರಸ್ತಾಪವು ಈ ಸಣ್ಣ ಲೆಕ್ಕವನ್ನು ಕುರಿತದ್ದು.

ಲೆಕ್ಕ ಸಣ್ಣದಾದರೂ ಅದರ ಫಲ ಸಣ್ಣದಲ್ಲ. ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಳಂದೂರಿನ ಬಳಿ ಸುವರ್ಣಾವತಿಯೂ, ಕೊಳ್ಳೇಗಾಲದ ಎಲ್ಲೆಯಲ್ಲಿ ಕಾವೇರಿಯೂ ಹರಿಯುವುದು ನಿಜ. ಆದರೆ ಹನೂರಿನಿಂದ ಮಲೆ ಮಹದೇಶ್ವರನ ಬೆಟ್ಟದ ಕಡೆಗೆ ಸಾಗಿದಷ್ಟೂ ಹೊಲಗಳು ಆಕಾಶವನ್ನೇ ನಂಬಿಕೊಂಡಿರುವುದನ್ನು ಕಾಣುತ್ತೇವೆ. ನೈಋತ್ಯದ ಮೋಡಗಳು ಪಡುವಣ ಮಲೆಗಳಲ್ಲಿಯೂ ಬಿಳಿಗಿರಿರಂಗನ ಬೆಟ್ಟದ ಸಾಲಿನಲ್ಲಿಯೂ ತಮ್ಮ ಭಾರವನ್ನು ಬಹುಮಟ್ಟಿಗೆ ಇಳಿಸಿಬಿಡುವುದರಿಂದ, ಮೂಡಲ ಮಗ್ಗುಲಿನ ಈ ನೆಲಕ್ಕೆ ಆಷಾಢದ ಮಳೆಯು ಅಷ್ಟಕ್ಕಷ್ಟೆ. ಬೇಸಗೆಯ ಕೊನೆಯಲ್ಲಿ ಬೀಳುವ ಮಳೆ ಒಂದು; ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಬೀಳುವ ಮಳೆ ಇನ್ನೊಂದು. ಈ ಎರಡನೆಯದನ್ನು ನೆಚ್ಚಿ ಹುರುಳಿಯಂಥ ಬೆಳೆಯನ್ನು ಇಡುವವನಿಗೆ ಆರೇಳು ದಿನಗಳ ವ್ಯತ್ಯಾಸವೆಂದರೆ, ನೆಲದ ಹಸಿಯು ಇದ್ದಾಗ ಬಿತ್ತುವುದಕ್ಕೂ ಆರಿದ ಮೇಲೆ ಬಿತ್ತುವುದಕ್ಕೂ ಇರುವ ವ್ಯತ್ಯಾಸ.

ಈಗ ಲೆಕ್ಕಕ್ಕೆ ಬರೋಣ. ವರ್ಷದ ವಾರಗಳನ್ನು ಎಣಿಸುವ ಪದ್ಧತಿಗಳು ಹಲವು ಇವೆ; ಅವುಗಳಲ್ಲಿ ಎರಡು ಮುಖ್ಯವಾದವು.

ಮೊದಲನೆಯದು ನಮ್ಮ ದೇಶದ ಹವಾಮಾನ ಇಲಾಖೆಯವರೂ ವ್ಯವಸಾಯ ಶಾಸ್ತ್ರಜ್ಞರೂ ಬಳಸತಕ್ಕ ಪ್ರಮಾಣಿತ ಹವಾ ವಾರ. ಇಲ್ಲಿ ಜನವರಿ ೧ನೆಯ ತಾರೀಖು ಯಾವ ವಾರವೇ ಆಗಿರಲಿ, ಅಂದಿನಿಂದ ಏಳನೆಯ ತಾರೀಖಿನವರೆಗೆ ಮೊದಲನೆಯ ವಾರ. ಎಂಟರಿಂದ ಹದಿನಾಲ್ಕರವರೆಗೆ ಎರಡನೆಯದು. ಹೀಗೆ ಐವತ್ತೆರಡು ವಾರಗಳು. ಐವತ್ತೆರಡನ್ನು ಏಳರಿಂದ ಗುಣಿಸಿದರೆ ೩೬೪ ಮಾತ್ರವೇ ಆಗುವುದಷ್ಟೆ. ಉಳಿದ ಒಂದು ದಿನವನ್ನು ಕೊನೆಯ ವಾರಕ್ಕೆ ಸೇರಿಸಿ, ಡಿಸೆಂಬರು ೨೪ರಿಂದ ೩೧ರವರೆಗೆ ಅದಕ್ಕೆ ಎಂಟು ದಿನಗಳನ್ನು ಕೊಟ್ಟಿದ್ದಾರೆ. ಅಧಿಕ ವರ್ಷದ ಫೆಬ್ರವರಿ ೨೯ನ್ನು ಒಂಬತ್ತನೆಯ ವಾರವು ನುಂಗಿಕೊಳ್ಳುತ್ತದೆ. ಆದಕಾರಣ ಯಾವ ವರ್ಷವಾದರೂ ಇಂಥ ಸಂಖ್ಯೆಯ ವಾರವು ಇಂಥ ತಾರೀಖಿಗೇ ಮೊದಲಾಗುವುದೆಂಬುದು ನಿಶ್ಚಯ.

ತಾರೀಖನ್ನು ಕಂಡುಹಿಡಿಯುವ ಬಗೆ ಹೀಗೆ: ವಾರದ ಸಂಖ್ಯೆಯಲ್ಲಿ ಒಂದನ್ನು ಕಳೆದು, ಏಳರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ಬಂದ ಮೊತ್ತವು ವರ್ಷದ ಎಷ್ಟನೆಯ ದಿನವೆಂಬುದನ್ನು ತಿಳಿಸುತ್ತದೆ. ಮೂವತ್ತೊಂಬತ್ತನೆಯ ವಾರವನ್ನೇ ತೆಗೆದುಕೊಳ್ಳೋಣ. ಮೂವತ್ತೆಂಟೇಳಲ ೨೬೬, ಒಂದು ಕೂಡಿದರೆ ೨೬೭. ಸಾಧಾರಣ ವರ್ಷದಲ್ಲಿ ಆಗಸ್ಟಿನ ಕೊನೆಗೆ ೨೪೩ ದಿನಗಳು ಕಳೆದಿರುತ್ತವೆ. ಅದನ್ನು ತೆಗೆದರೆ ಉಳಿಯುವುದು ೨೪. ಎಂದರೆ ಸೆಪ್ಟೆಂಬರು ೨೪ರಿಂದ ೩೦ರವರೆಗೆ ಆ ವಾರ. ಅಧಿಕ ವರ್ಷದಲ್ಲಿಯೂ ಸಾಧಾರಣ ವರ್ಷದ ಲೆಕ್ಕವನ್ನೇ ಹಿಡಿದರೆ ಸಾಕು; ತಾರೀಖು ತಪ್ಪುವುದಿಲ್ಲ. ಇಷ್ಟನ್ನೂ ಗುಣಿಸಲು ಬೇಸರವಾದವರು ನಾಲ್ಕು ಗುರುತುಗಳನ್ನು ನೆನಪಿನಲ್ಲಿಡಬಹುದು: ೧ನೆಯ ವಾರ ಜನವರಿ ೧ಕ್ಕೆ, ೧೪ನೆಯದು ಏಪ್ರಿಲ್ ೨ಕ್ಕೆ, ೨೭ನೆಯದು ಜುಲೈ ೨ಕ್ಕೆ, ೪೦ನೆಯದು ಅಕ್ಟೋಬರು ೧ಕ್ಕೆ. ನಡುವಿನವನ್ನು ಇವುಗಳಿಂದ ಏಳೇಳರಂತೆ ಎಣಿಸಿಕೊಳ್ಳಬಹುದು.

ಎರಡನೆಯದು ಅಂತರರಾಷ್ಟ್ರೀಯ ಪ್ರಮಾಣ ಸಂಸ್ಥೆಯು ೧೯೮೮ರಲ್ಲಿ ಪ್ರಕಟಿಸಿದ ೮೬೦೧ನೆಯ ಪ್ರಮಾಣದಲ್ಲಿ ಹೇಳಿರುವ ಪದ್ಧತಿ. ವ್ಯಾಪಾರದವರೂ ಕಾರ್ಖಾನೆಯವರೂ ಕಂಪ್ಯೂಟರುಗಳೂ ಹೆಚ್ಚಾಗಿ ಅನುಸರಿಸುವುದು ಇದನ್ನೇ. ಇಲ್ಲಿ ವಾರವು ಯಾವಾಗಲೂ ಸೋಮವಾರಕ್ಕೇ ಮೊದಲಾಗಬೇಕು. ಜನವರಿ ೪ನೆಯ ತಾರೀಖು ಯಾವ ವಾರದಲ್ಲಿ ಬೀಳುವುದೋ ಅದೇ ಮೊದಲನೆಯ ವಾರ. ಆದ್ದರಿಂದ ಜನವರಿ ೪ನ್ನು ಹಿಡಿದು, ಅದು ಸೋಮವಾರವಲ್ಲದಿದ್ದರೆ ಹಿಂದಿನ ಸೋಮವಾರಕ್ಕೆ ಸರಿದು, ಅಲ್ಲಿಂದ ಮುಂದಕ್ಕೆ ಎಣಿಸಬೇಕು. ೨೦೨೬ರ ಜನವರಿ ೪ ಭಾನುವಾರ. ಹಿಂದಿನ ಸೋಮವಾರವೆಂದರೆ ೨೦೨೫ರ ಡಿಸೆಂಬರು ೨೯. ಅದಕ್ಕೆ ೨೬೬ ದಿನಗಳನ್ನು ಕೂಡಿಸಿದರೆ ಮೂವತ್ತೊಂಬತ್ತನೆಯ ವಾರವು ಸೆಪ್ಟೆಂಬರು ೨೧ಕ್ಕೆ ಮೊದಲಾಗುತ್ತದೆ. ೨೦೨೭ರಲ್ಲಾದರೋ ಜನವರಿ ೪ ತಾನೇ ಸೋಮವಾರ. ಅದೇ ಮೂವತ್ತೊಂಬತ್ತನೆಯ ವಾರವು ಸೆಪ್ಟೆಂಬರು ೨೭ಕ್ಕೆ ಸರಿಯುತ್ತದೆ. ಹೆಸರು ಒಂದೇ; ದಿನ ಆರು ಹೆಚ್ಚು. ೨೦೨೬ಕ್ಕೆ ಐವತ್ತಮೂರು ವಾರಗಳಿರುವುದೇ ಈ ಜಿಗಿತಕ್ಕೆ ಕಾರಣ.

ಹಾಗಾದರೆ ಈ ಎರಡರಲ್ಲಿ ಯಾವುದು ಸರಿ ಎಂದು ಕೇಳಬಹುದು. ಎರಡೂ ಸರಿಯೇ, ಆದರೆ ಒಂದೊಂದಕ್ಕೆ ಒಂದೊಂದು ಕೆಲಸ. ಮೂವತ್ತು ವರ್ಷಗಳ ಮಳೆಯನ್ನು ಹೋಲಿಸಿ ನೋಡತಕ್ಕವನಿಗೆ ತಾರೀಖು ಕದಲಬಾರದು, ವಾರದ ಹೆಸರು ಯಾವುದಾದರೂ ಚಿಂತೆಯಿಲ್ಲ. ಮೋಡಗಳಿಗೆ ಸೋಮವಾರವೂ ಶನಿವಾರವೂ ಒಂದೇ. ಸಂತೆಗೆ ಸರಕು ಕಳುಹಿಸುವವನಿಗೂ ಕೂಲಿ ಬಟವಾಡೆ ಮಾಡುವವನಿಗೂ ವಾರವು ಕದಲಬಾರದು, ತಾರೀಖು ಹೇಗಾದರೂ ಇರಲಿ. ಎರಡನ್ನೂ ಏಕಕಾಲದಲ್ಲಿ ನಿಲ್ಲಿಸಲು ಸಾಧ್ಯವಿಲ್ಲ. ಏಕೆಂದರೆ ೩೬೫ನ್ನು ಏಳು ನಿಶ್ಶೇಷವಾಗಿ ಭಾಗಿಸಲಾರದು.

ಈ ಮಾತು ನಮ್ಮ ಹಿರಿಯರಿಗೆ ಹೊಸದಲ್ಲ. ಅವರೂ ಕೆಲಸಕ್ಕೊಂದು ಲೆಕ್ಕವನ್ನು ಇಟ್ಟುಕೊಂಡಿದ್ದರು. ಹಬ್ಬಕ್ಕೆ ಚಂದ್ರನ ಲೆಕ್ಕ. ಚಿಕ್ಕಲ್ಲೂರಿನ ಜಾತ್ರೆಯು ಮೊದಲಾಗುವ ಪುಷ್ಯ ಹುಣ್ಣಿಮೆಯು ೨೦೨೩ರಲ್ಲಿ ಜನವರಿ ೬, ೨೦೨೪ರಲ್ಲಿ ೨೫, ೨೦೨೫ರಲ್ಲಿ ೧೩, ೨೦೨೬ರಲ್ಲಿ ೩. ಹವಾ ವಾರದ ಪ್ರಕಾರ ಒಮ್ಮೆ ಒಂದನೆಯ ವಾರ, ಒಮ್ಮೆ ನಾಲ್ಕನೆಯದು, ಒಮ್ಮೆ ಎರಡನೆಯದು, ಮರಳಿ ಒಂದನೆಯದು! ಜಾತ್ರೆಯ ಬೆಳದಿಂಗಳಿಗೆ ಇದು ಒಪ್ಪುತ್ತದೆ, ಬಿತ್ತನೆಗೆ ಒಪ್ಪದು. ಆದ್ದರಿಂದ ಬೇಸಾಯಕ್ಕೆ ಅವರು ಸೂರ್ಯನನ್ನು ಹಿಡಿದರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಕಾಲವೇ ಆಯಾ ಮಳೆ. ವರ್ಷವನ್ನು ಇಪ್ಪತ್ತೇಳರಿಂದ ಭಾಗಿಸಿದರೆ ಒಂದಕ್ಕೆ ಹದಿಮೂರೂವರೆ ದಿನ; ಎರಡು ವಾರಕ್ಕೆ ಅರ್ಧ ದಿನ ಕಡಮೆ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ಜೂನ್ ೨೨ರ ಸುಮಾರಿಗೆ ಆರಿದ್ರೆ, ಸೆಪ್ಟೆಂಬರು ೨೭ರ ಸುಮಾರಿಗೆ ಹಸ್ತ. ಅಕ್ಷರ ಬಾರದವನಿಗೂ ಹೆಸರಿನಿಂದ ನೆನಪಿರುವ ಪಾಕ್ಷಿಕ ಸಂಖ್ಯೆಯೇ ಇದು. ಸುಮಾರು ಎಪ್ಪತ್ತು ವರ್ಷಗಳಿಗೆ ಒಂದು ದಿನದಂತೆ ಋತುವಿನಿಂದ ಮುಂದಕ್ಕೆ ಸರಿಯುವುದಾದರೂ, ಒಬ್ಬನ ಬಾಳಿನ ಮಟ್ಟಿಗೆ ಅದು ಗಡಿಯಾರದಷ್ಟೇ ನಂಬಿಕೆಗೆ ಅರ್ಹ.

ಈಗ ಮೊದಲಿನ ರೈತನ ಬಳಿಗೆ ಹಿಂದಿರುಗೋಣ. ಸೂಚನೆಯಲ್ಲಿದ್ದ ಮೂವತ್ತೊಂಬತ್ತನೆಯ ವಾರವು ಹವಾ ವಾರವಾಗಿದ್ದರೆ, ಅದು ಉತ್ತರೆಯ ಕೊನೆಯನ್ನೂ ಹಸ್ತದ ಮೊದಲನ್ನೂ ಒಳಗೊಂಡಿರುತ್ತದೆ. ಕಂಪ್ಯೂಟರಿನ ವಾರವೆಂದು ತಿಳಿದರೆ ೨೦೨೬ರಲ್ಲಿ ಅದು ಹೆಚ್ಚುಕಡಮೆ ಪೂರ್ತಿ ಉತ್ತರೆ. ೨೦೨೭ರಲ್ಲಿ ಪೂರ್ತಿ ಹಸ್ತ. ಒಂದೇ ಅಂಕಿಯನ್ನು ನಂಬಿ ಒಬ್ಬನು ಮಳೆಗೆ ಮುಂಚೆ, ಇನ್ನೊಬ್ಬನು ಮಳೆ ಕಳೆದ ಮೇಲೆ ಬೀಜವನ್ನು ಚೆಲ್ಲಿದರೆ ತಪ್ಪು ಯಾರದು? ಅಂಕಿಯದಂತೂ ಅಲ್ಲ; ಎಲ್ಲಿಂದ ಎಣಿಸಿತೆಂಬುದನ್ನು ಹೇಳದೆ ಬಿಟ್ಟವರದು.

ಯಳಂದೂರು ೧೮೦೭ರಿಂದ ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರಿನಲ್ಲಿಯೂ, ಕೊಳ್ಳೇಗಾಲವು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿಯೂ ಇದ್ದ ಕಾಲವೊಂದಿತ್ತು. ೧೯೫೬ರ ನವೆಂಬರು ೧ರಂದು ಆ ಗಡಿ ಅಳಿಯಿತು. ಆಡಳಿತ ಎರಡಾಗಿದ್ದಾಗಲೂ ಗಡಿಯ ಈಚೆಯ ಗುರುವಾರ ಆಚೆಯೂ ಗುರುವಾರವೇ ಆಗಿತ್ತು. ಹಸ್ತಾ ಮಳೆ ಎರಡು ಕಡೆಯೂ ಒಂದೇ ದಿನ ಹುಟ್ಟುತ್ತಿತ್ತು. ವಾರವನ್ನಾಗಲಿ ಮಳೆಯನ್ನಾಗಲಿ ಹೆಸರಿಟ್ಟು ಕರೆದಾಗ ಸಂದೇಹಕ್ಕೆ ಎಡೆಯಿರಲಿಲ್ಲ. ಬರಿಯ ಸಂಖ್ಯೆಯಿಂದ ಕರೆಯತೊಡಗಿದಾಗಲೇ ಸಂದೇಹ ಹುಟ್ಟಿದುದು. ಆದ್ದರಿಂದ ವಾರದ ಸಂಖ್ಯೆಯನ್ನು ಬರೆಯುವವರು ಪಕ್ಕದಲ್ಲಿ ಅದರ ಮೊದಲ ತಾರೀಖನ್ನೂ ಬರೆಯಲಿ. ಹಳ್ಳಿಗೆ ಹೋಗುವ ಕಾಗದವಾದರೆ ಮಳೆಯ ಹೆಸರನ್ನೂ ಸೇರಿಸಲಿ. ಓದುವ ನಾವಾದರೋ, ಅಂಕಿಯನ್ನು ಕಂಡೊಡನೆ ‘ಎಲ್ಲಿಂದ ಎಣಿಸಿದ್ದು?’ ಎಂದು ಒಮ್ಮೆ ಕೇಳುವ ಅಭ್ಯಾಸವನ್ನು ಮಾಡಿಕೊಳ್ಳೋಣ. ಕೇಳಲು ಕ್ಷಣ ಸಾಕು. ಕೇಳದೆ ಹೋದರೆ ಕಳೆಯುವುದು ಒಂದು ವರ್ಷದ ಬೆಳೆ.